ಬಿಟ್ಟುಹೋದ ಬಟ್ಟೆ ಯಾರ ಮೈ ಸೇರುತ್ತೆ?

ಬಸ್ಸಲ್ಲಿ ಕೂತು ಕೇಳ್ತಾ ಇದ್ದೀರೋ, ಇಯರ್‌ಫೋನ್ ಮರೆತು ಓದ್ತಾ ಇದ್ದೀರೋ, ಇಬ್ಬರಿಗೂ ಸ್ವಾಗತ. ಇದು ಈ ವಾರದ ಸಂಚಿಕೆಯ ಬರಹ ರೂಪ.

ಇವತ್ತಿನ ವಿಷಯ ನಿಮ್ಮ ಕಪಾಟಿನ ಕೆಳಗಿನ ಖಾನೆಯಲ್ಲಿದೆ. ಸೊಂಟಕ್ಕೆ ಬಿಗಿಯಾದ ಜೀನ್ಸ್, ಕಾಲೇಜ್ ಫೆಸ್ಟಿನ ಟೀ ಶರ್ಟ್, ಯಾರದೋ ಮದುವೆಗೆ ಒಂದೇ ಸಲ ಹಾಕಿದ ಕುರ್ತಾ. ಎಸೆಯೋಕೆ ಮನಸ್ಸು ಬರಲ್ಲ, ಹಾಕ್ಕೊಳ್ಳೋಕೂ ಆಗಲ್ಲ. ಆಗ ನೆನಪಾಗೋದು ಬಟ್ಟೆ ಬಿಡುವ ಜಾಗಗಳು. ಒಂದು ಗೋಡೆ, ನಾಲ್ಕು ಮೊಳೆ, ಒಂದಿಷ್ಟು ಹ್ಯಾಂಗರ್. ಬೇಡದಿದ್ದರೆ ಬಿಟ್ಟುಹೋಗಿ, ಬೇಕಿದ್ದರೆ ತಗೊಂಡು ಹೋಗಿ ಅನ್ನೋ ಅರ್ಥದ ಒಂದು ಬೋರ್ಡು. ಚೀಲ ನೇತುಹಾಕಿ, ಒಂದು ಫೋಟೊ ತೆಗೆದು, ಸ್ಟೇಟಸ್‌ಗೆ ಹಾಕಿ ಮನೆಗೆ ಬರ್ತೀವಿ. ಮನಸ್ಸು ಹಗುರ, ಕಪಾಟೂ ಹಗುರ.

ನನ್ನ ಪ್ರಶ್ನೆ ಅದರ ನಂತರದ್ದು. ಆ ಬಟ್ಟೆ ಮುಂದೆ ಎಲ್ಲಿಗೆ ಹೋಗುತ್ತೆ? ಯಾರ ಮೈ ಸೇರುತ್ತೆ? ನಾನು ಓದಿದ್ದು ಬಿ.ಕಾಂ. ಹಾಗಾಗಿ ನನಗೆ ಇದು ಪುಣ್ಯದ ಪ್ರಶ್ನೆಗಿಂತ ಹೆಚ್ಚಾಗಿ ಸ್ಟಾಕ್ ಲೆಕ್ಕದ ಪ್ರಶ್ನೆ ಥರ ಕಾಣುತ್ತೆ. ಬಂದಿದ್ದೆಷ್ಟು, ಹೋಗಿದ್ದೆಷ್ಟು, ಉಳಿದಿದ್ದೆಷ್ಟು? ಈ ಲೆಕ್ಕವನ್ನ ಭಟ್ಕಳ, ಹೊನ್ನಾವರ, ಕುಮಟಾ ಅನ್ನೋ ನಮ್ಮ ಮೂರು ಊರಿಗೆ ಇಟ್ಟು ನೋಡೋಣ.

ಈ ಗೋಡೆ ಹುಟ್ಟಿದ್ದೆಲ್ಲಿ?

ಮೊದಲು ಸ್ವಲ್ಪ ಇತಿಹಾಸ. ಈಗ ನಾವು ನೋಡೋ 'ದಯೆಯ ಗೋಡೆ' ಜಗತ್ತಿಗೆ ಪರಿಚಯ ಆಗಿದ್ದು ಇರಾನ್ ದೇಶದ ಮಶ್ಹದ್ ನಗರದಿಂದ. 2015ರ ಕೊನೆಯ ಚಳಿಗಾಲ. ಹೆಸರು ಹೇಳಿಕೊಳ್ಳದ ಯಾರೋ ಒಬ್ಬರು ಬೀದಿ ಬದಿಯ ಗೋಡೆಗೆ ಬಣ್ಣ ಹಚ್ಚಿ, ಕೊಕ್ಕೆ ಹೊಡೆದು, ಕೋಟುಗಳನ್ನ ನೇತುಹಾಕಿದರು. ಫೋಟೊ ಸೋಷಿಯಲ್ ಮೀಡಿಯಾದಲ್ಲಿ ಓಡಿತು. ಕೆಲವೇ ವಾರಗಳಲ್ಲಿ ಇರಾನಿನ ಬೇರೆ ಊರುಗಳಲ್ಲಿ ಇಂಥದ್ದೇ ಗೋಡೆಗಳು ಎದ್ದವು. ಆಮೇಲೆ ಪಾಕಿಸ್ತಾನಕ್ಕೆ ಬಂತು, ಭಾರತಕ್ಕೂ ಬಂತು. ಉತ್ತರ ಭಾರತದಲ್ಲಿ ಇದಕ್ಕೆ 'ನೇಕಿ ಕೀ ದೀವಾರ್' ಅಂತ ಹೆಸರು.

ಸರ್ಕಾರವೂ ಇದೇ ದಾರಿಗೆ ಬಂತು. ಕೇಂದ್ರ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯ 2023ರ ಮೇ 15ರಂದು 'ಮೇರಿ ಲೈಫ್, ಮೇರಾ ಸ್ವಚ್ಛ್ ಶೆಹರ್' ಅನ್ನೋ ಅಭಿಯಾನ ಶುರು ಮಾಡಿತು. ದೇಶದ ನಗರ ಸ್ಥಳೀಯ ಸಂಸ್ಥೆಗಳು ಮೇ 20ರಿಂದ ಆರ್‌ಆರ್‌ಆರ್ ಕೇಂದ್ರಗಳನ್ನ ತೆರೀಬೇಕು ಅನ್ನೋದು ಅದರ ತಿರುಳು. ಸಿನಿಮಾ ಅಲ್ಲ ಮಾರಾಯ್ರೆ. ಕಡಿಮೆ ಬಳಸು, ಮತ್ತೆ ಬಳಸು, ಮರುಬಳಕೆಗೆ ಕೊಡು ಅನ್ನೋ ಮೂರು ಮಾತಿನ ಇಂಗ್ಲಿಷ್ ಮೊದಲಕ್ಷರಗಳು. ಹಳೆ ಬಟ್ಟೆ, ಚಪ್ಪಲಿ, ಪುಸ್ತಕ, ಆಟಿಕೆ, ಪ್ಲಾಸ್ಟಿಕ್ ತಂದುಕೊಡಿ, ಬೇಕಾದವರಿಗೆ ಅಥವಾ ಮರುಬಳಕೆಗೆ ಕಳಿಸ್ತೀವಿ ಅಂತ. ಜೂನ್ 5ರ ಪರಿಸರ ದಿನದವರೆಗೆ ಅಭಿಯಾನ ನಡೀತು.

ಅಂದ್ರೆ ಐಡಿಯಾ ಹೊಸದಲ್ಲ, ಜಾಗವೂ ದೊಡ್ಡ ಸಮಸ್ಯೆ ಅಲ್ಲ. ಸಮಸ್ಯೆ ಇರೋದು ಆಕಾಶದಲ್ಲಿ.

ಮಶ್ಹದ್‌ನ ಚಳಿ, ನಮ್ಮ ಮಳೆ

ಮಶ್ಹದ್ ಒಣ ಹವೆಯ ಊರು. ಚಳಿಗಾಲದಲ್ಲಿ ಅಲ್ಲಿ ಹಿಮ ಬೀಳುತ್ತೆ. ಅಂಥ ಊರಲ್ಲಿ ಗೋಡೆಗೆ ನೇತುಹಾಕಿದ ಒಂದು ಕೋಟು ಪ್ರಾಣ ಉಳಿಸಬಹುದು. ಜತೆಗೆ ಕೋಟಿಗೆ ಅಳತೆಯ ಕಾಟ ಕಡಿಮೆ. ಸ್ವಲ್ಪ ದೊಡ್ಡದಾದರೂ ನಡೆಯುತ್ತೆ, ಬಣ್ಣ ಹೊಂದದಿದ್ದರೂ ನಡೆಯುತ್ತೆ, ಒಳಗಿನ ಅಂಗಿಯ ಮೇಲೆ ಅಲ್ಲೇ ನಿಂತು ಹಾಕ್ಕೊಂಡು ಹೋಗಬಹುದು. ತೆರೆದ ಗೋಡೆ ಅನ್ನೋ ವಿನ್ಯಾಸ ಆ ಹವೆಗೆ, ಆ ಬಟ್ಟೆಗೆ ಸರಿಯಾಗಿ ಹೊಂದಿಕೊಳ್ಳುತ್ತೆ.

ಈಗ ಅದೇ ಗೋಡೆಯನ್ನ ತಂದು ಹೊನ್ನಾವರದ ಬಸ್‌ಸ್ಟ್ಯಾಂಡ್ ಪಕ್ಕ ಇಡಿ. ನಮ್ಮಲ್ಲಿ ವರ್ಷಕ್ಕೆ ಬೀಳೋ ಮಳೆ ಮೂರು ಸಾವಿರ ಮಿಲಿಮೀಟರ್‌ಗೂ ಹೆಚ್ಚು, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಗಾಳಿಗೆ ಮಳೆ ಅಡ್ಡ ಹೊಡೆಯುತ್ತೆ, ಮೇಲೆ ಶೀಟು ಹಾಕಿದರೂ ಬಟ್ಟೆ ಒದ್ದೆ. ಒದ್ದೆ ಆಗದಿದ್ದರೂ ಆ ಹವೆಯ ತೇವಕ್ಕೇ ವಾರದಲ್ಲಿ ಬೂಷ್ಟು ಹಿಡಿಯುತ್ತೆ. ಕಪಾಟಿನೊಳಗೆ ಇಟ್ಟ ಬೆಲ್ಟಿಗೇ ಬೂಷ್ಟು ಬರೋ ಊರು ನಮ್ಮದು, ಬೀದಿ ಗೋಡೆ ಯಾವ ಲೆಕ್ಕ?

ಎರಡನೇ ವಿಷಯ ಇನ್ನೂ ಮುಖ್ಯ. ನಮ್ಮಲ್ಲಿ ಯಾರಿಗೂ ಕೋಟು ಬೇಡ. ಹಾಗಾದರೆ ಮಶ್ಹದ್‌ನವರಿಗೆ ಕೋಟು ಹೇಗೋ, ನಮ್ಮ ಕರಾವಳಿಯ ಬಡವರಿಗೆ ಆ ಸ್ಥಾನದಲ್ಲಿ ಇರೋದು ಏನು?

ನನ್ನ ಉತ್ತರ: ಒಣಗಿದ ಎರಡನೇ ಜೊತೆ.

ಸ್ವಲ್ಪ ಯೋಚನೆ ಮಾಡಿ. ಬಂದರಲ್ಲಿ ದುಡಿಯುವವರು, ಹೆದ್ದಾರಿ ಮತ್ತು ಕಟ್ಟಡ ಕೆಲಸಕ್ಕೆ ಬೇರೆ ಜಿಲ್ಲೆ, ಬೇರೆ ರಾಜ್ಯದಿಂದ ಬಂದವರು, ಗದ್ದೆ ನಾಟಿಗೆ ಹೋಗುವ ಹೆಂಗಸರು. ಇವರ ಹತ್ತಿರ ಬಟ್ಟೆಯೇ ಇಲ್ಲ ಅಂತಲ್ಲ. ಕೆಲಸಕ್ಕೆ ಹಾಕುವಂಥ ಬಟ್ಟೆ ಎರಡೋ ಮೂರೋ ಜೊತೆ ಇರುತ್ತೆ. ಬೇಸಿಗೆಯಲ್ಲಿ ಅದು ಸಾಕು, ರಾತ್ರಿ ಒಗೆದು ಹಾಕಿದರೆ ಬೆಳಿಗ್ಗೆ ಒಣಗಿರುತ್ತೆ. ಜುಲೈಯಲ್ಲಿ ಒಗೆದ ಪ್ಯಾಂಟು ಮೂರು ದಿನ ಆದರೂ ಒಣಗಲ್ಲ. ಹಾಗಾಗಿ ಒದ್ದೆ ಬಟ್ಟೆಯನ್ನೇ ಮತ್ತೆ ಹಾಕ್ಕೊಂಡು ಕೆಲಸಕ್ಕೆ ಹೋಗ್ತಾರೆ. ತೊಡೆ ಸಂದಿಯಲ್ಲಿ ತುರಿಕೆ, ಕಜ್ಜಿ, ಗಾಯ. ಮಳೆಗಾಲದಲ್ಲಿ ಮೆಡಿಕಲ್ ಶಾಪಿನಲ್ಲಿ ಫಂಗಸ್ ಕ್ರೀಮು ಕೇಳುವವರ ಸಾಲನ್ನ ನೋಡಿದರೆ ಗೊತ್ತಾಗುತ್ತೆ.

ಅವರಿಗೆ ಬೇಕಾಗಿರೋದು ಗಟ್ಟಿ ಪ್ಯಾಂಟು, ಬೇಗ ಒಣಗುವ ಅಂಗಿ, ಲುಂಗಿ, ಟವೆಲ್, ದಪ್ಪ ಹೊದಿಕೆ, ಮಕ್ಕಳ ರೇನ್‌ಕೋಟ್. ನಾವು ಬಿಡೋದು ಏನು? ಮಿಂಚಿನ ಸೀರೆ, ಫೆಸ್ಟಿನ ಟೀ ಶರ್ಟ್, ಜಿಪ್ ಹೋದ ಜೀನ್ಸ್. ಕೊಡುವವರ ಕಪಾಟು ಮತ್ತು ಬೇಕಾದವರ ಪಟ್ಟಿ, ಎರಡೂ ಒಂದನ್ನೊಂದು ಭೇಟಿನೇ ಆಗಿಲ್ಲ.

ಕೊಡುವ ತಿಂಗಳು, ಬೇಕಾಗುವ ತಿಂಗಳು

ಈಗ ಕ್ಯಾಲೆಂಡರ್ ತೆಗೀರಿ.

ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಮೀನು ಮರಿ ಹಾಕುವ ಕಾಲ, ಸಮುದ್ರವೂ ಅಬ್ಬರದಲ್ಲಿರುತ್ತೆ, ಹಾಗಾಗಿ ನಿಷೇಧ ಸರಿಯೇ. ಆದರೆ ಭಟ್ಕಳದ ಮಾವಿನಕುರ್ವಾ ಬಂದರಾಗಲಿ, ಹೊನ್ನಾವರದ ಕಾಸರಕೋಡಾಗಲಿ, ಕುಮಟಾ ತಾಲ್ಲೂಕಿನ ತದಡಿಯಾಗಲಿ, ಬೋಟು ದಡಕ್ಕೆ ಬಂದರೆ ಅದನ್ನೇ ನಂಬಿದ 61 ದಿನದ ಸಂಪಾದನೆಯೂ ದಡಕ್ಕೆ ಬಂತು ಅಂತ ಅರ್ಥ. ಐಸು ಹೊಡೆಯುವವರು, ಮೀನು ಹೊರುವವರು, ಬಲೆ ಹೆಣೆಯುವವರು, ಎಲ್ಲರದೂ ಅದೇ ಕಥೆ. ಅದೇ ಹೊತ್ತಿಗೆ ಶಾಲೆ ಶುರು. ಸರ್ಕಾರಿ ಶಾಲೆಯಲ್ಲಿ ಸಮವಸ್ತ್ರ ಕೊಡ್ತಾರೆ ನಿಜ, ರೇನ್‌ಕೋಟು, ಚೀಲ, ಕೊಡೆ ಮನೆಯವರದ್ದೇ. ಅದೇ ಹೊತ್ತಿಗೆ ಮಳೆ. ಅಂದ್ರೆ ಕೈಯಲ್ಲಿ ಕಾಸು ಕಡಿಮೆ, ಖರ್ಚು ಜಾಸ್ತಿ, ಬಟ್ಟೆ ಒಣಗಲ್ಲ: ಮೂರೂ ಒಂದೇ ತಿಂಗಳಲ್ಲಿ.

ಬಟ್ಟೆ ಕೊಡುವವರು ಯಾವಾಗ ಕೊಡ್ತಾರೆ? ಹಬ್ಬಕ್ಕೆ. ಚೌತಿಗೆ ಮನೆ ತೊಳೆಯುವಾಗ, ದೀಪಾವಳಿಗೆ, ಈದ್‌ಗೆ ಹೊಸ ಬಟ್ಟೆ ಬಂದಾಗ, ಕ್ರಿಸ್‌ಮಸ್‌ಗೆ. ಗಲ್ಫ್‌ನಿಂದ ರಜೆಗೆ ಬಂದವರ ಸೂಟ್‌ಕೇಸ್ ಬಿಚ್ಚಿದಾಗ ಹಳೆಯದು ಹೊರಗೆ ಬರುತ್ತೆ. ಚೌತಿ, ದೀಪಾವಳಿ, ಕ್ರಿಸ್‌ಮಸ್ ಮೂರೂ ಬರೋದು ಆಗಸ್ಟ್ ಕೊನೆಯಿಂದ ಡಿಸೆಂಬರ್ ಒಳಗೆ. ಅಷ್ಟೊತ್ತಿಗೆ ಬೋಟು ಮತ್ತೆ ನೀರಿಗೆ ಇಳಿದಿರುತ್ತೆ.

ಕಾಮರ್ಸ್ ಕ್ಲಾಸಿನಲ್ಲಿ ಇದಕ್ಕೆ ಸರಳ ಉತ್ತರ ಇದೆ. ಮಾಲು ಬರುವ ಕಾಲ ಬೇರೆ, ಖರ್ಚಾಗುವ ಕಾಲ ಬೇರೆ ಆದರೆ ನಡುವೆ ಒಂದು ಗೋದಾಮು ಬೇಕು. ಗೋಡೆ ಅನ್ನೋದು ಅಂಗಡಿಯ ಶೋಕೇಸ್ ಮಾತ್ರ. ಶೋಕೇಸ್ ಇದೆ, ಗೋದಾಮು ಇಲ್ಲ, ಲೆಕ್ಕ ಬರೆಯುವವರಿಲ್ಲ ಅಂದ್ರೆ ಯಾವ ಅಂಗಡಿಯೂ ನಡೆಯಲ್ಲ. ಉಚಿತ ಅಂಗಡಿಯೂ ನಡೆಯಲ್ಲ.

ಒಂದು ಲೆಕ್ಕ ಹಾಕೋಣ. ಇದು ಉದಾಹರಣೆ ಅಷ್ಟೇ, ಯಾವ ಊರಿನ ಅಂಕಿಯೂ ಅಲ್ಲ. ಹಬ್ಬದ ತಿಂಗಳಲ್ಲಿ ಒಂದು ಜಾಗಕ್ಕೆ 600 ಬಟ್ಟೆ ಬಂತು ಅಂದುಕೊಳ್ಳಿ. ದಿನಕ್ಕೆ ಹತ್ತು ಬಟ್ಟೆ ಯಾರೋ ತಗೊಂಡು ಹೋದರೂ ತಿಂಗಳ ಕೊನೆಗೆ 300 ಉಳೀತು. ಮುಂದಿನ ತಿಂಗಳು ಇನ್ನೂ 300 ಬಂದು, ಅಷ್ಟೇ ಹೋದರೆ ಆ ಹಳೆಯ 300 ಹಾಗೇ ಇರುತ್ತೆ. ಯಾಕಂದ್ರೆ ಎಲ್ಲರೂ ಆರಿಸೋದು ಹೊಸದಾಗಿ ಬಂದಿದ್ದನ್ನ. ಇದೇ ಡೆಡ್ ಸ್ಟಾಕ್. ಇನ್ನು, ಒಂದು ಬಟ್ಟೆ ಕೈಗೆತ್ತಿಕೊಂಡು, ಗುಂಡಿ ಜಿಪ್ ನೋಡಿ, ಅಳತೆ ನೋಡಿ, ಮಡಚಿಡೋಕೆ ಒಂದು ನಿಮಿಷ ಅಂತ ಹಿಡಿದರೂ 600 ಬಟ್ಟೆಗೆ ಹತ್ತು ಗಂಟೆ. ಯಾರದು ಆ ಹತ್ತು ಗಂಟೆ? ಗೋಡೆ ಉದ್ಘಾಟನೆಗೆ ಬಂದ ಐವತ್ತು ಜನರಲ್ಲಿ ಈ ಹತ್ತು ಗಂಟೆ ಕೊಡೋರು ಒಬ್ಬರು ಸಿಕ್ಕರೆ ಜಾಗ ಉಳಿಯುತ್ತೆ, ಸಿಗದಿದ್ದರೆ ಉಳಿಯಲ್ಲ. ಇಷ್ಟು ಸರಳ.

ಗೋಡೆ ಗುಡ್ಡೆ ಆಗೋದು ಹೀಗೆ

ಉಳಿದ ಬಟ್ಟೆ ಏನಾಗುತ್ತೆ ಅಂತ ತಿಳಿಯೋಕೆ 2004ರ ಸುನಾಮಿಯನ್ನ ನೆನಪು ಮಾಡಿಕೊಳ್ಳಬೇಕು. ತಮಿಳುನಾಡಿನ ನಾಗಪಟ್ಟಣಂ ಕರಾವಳಿಗೆ ದೇಶದ ಎಲ್ಲ ಕಡೆಯಿಂದ ಹಳೆ ಬಟ್ಟೆ ಲಾರಿಗಟ್ಟಲೆ ಬಂತು. ಜನ ಮುಟ್ಟಲಿಲ್ಲ. ಅಲ್ಲಿನವರ ಹವೆಗೆ, ಉಡುವ ರೀತಿಗೆ ಹೊಂದದ, ಹರಿದ, ಕೊಳೆಯಾದ ಬಟ್ಟೆ ರಸ್ತೆ ಬದಿಯಲ್ಲಿ ರಾಶಿ ಬಿತ್ತು. ಅದನ್ನ ಎತ್ತೋದೇ ಆಡಳಿತಕ್ಕೆ ಇನ್ನೊಂದು ಕೆಲಸ ಆಯ್ತು. ಮನೆ ಕಳಕೊಂಡವರಿಗೆ ತಮ್ಮ ಕಸವನ್ನೂ ಕಳಿಸಿದ್ದಾರೆ ಅನ್ನಿಸಿದ್ದರೆ ತಪ್ಪೇನಿಲ್ಲ.

ಜಗತ್ತಿನ ಮಟ್ಟದಲ್ಲೂ ಇದೇ. ಯುರೋಪು, ಅಮೆರಿಕದ ದಾನದ ಡಬ್ಬಿಗಳಿಗೆ ಬಿದ್ದ ಬಟ್ಟೆಯ ದೊಡ್ಡ ಪಾಲು ಮೂಟೆ ಕಟ್ಟಿಸಿಕೊಂಡು ವ್ಯಾಪಾರವಾಗಿ ಬೇರೆ ದೇಶಕ್ಕೆ ಹೋಗುತ್ತೆ. ಘಾನಾ ದೇಶದ ಅಕ್ರಾ ನಗರದಲ್ಲಿ ಕಂಟಮಾಂಟೊ ಅನ್ನೋ ದೊಡ್ಡ ಹಳೆ ಬಟ್ಟೆ ಮಾರುಕಟ್ಟೆ ಇದೆ. ಅಲ್ಲಿನ ಭಾಷೆಯಲ್ಲಿ ಈ ಬಟ್ಟೆಗಳಿಗೆ ಇರೋ ಹೆಸರಿನ ಅರ್ಥ 'ಸತ್ತ ಬಿಳಿಯರ ಬಟ್ಟೆ'. ಬದುಕಿದ್ದವರು ಇಷ್ಟೊಂದು ಒಳ್ಳೆ ಬಟ್ಟೆ ಬಿಡ್ತಾರಾ ಅನ್ನೋ ಆಶ್ಚರ್ಯದಿಂದ ಹುಟ್ಟಿದ ಹೆಸರು ಅಂತಾರೆ. ಈಗ ಅಲ್ಲಿ ಮೂಟೆ ಬಿಚ್ಚಿದರೆ ಮಾರಲಾಗದ ಮಾಲೇ ಬಹಳ ಸಿಗುತ್ತೆ, ಅದು ಚರಂಡಿ ಸೇರಿ ಸಮುದ್ರದ ದಡಕ್ಕೆ ಬಂದು ಬೀಳುತ್ತೆ.

ನಮ್ಮ ದೇಶದ ಲೆಕ್ಕವೂ ಸಣ್ಣದಲ್ಲ. 'ಫ್ಯಾಷನ್ ಫಾರ್ ಗುಡ್' ಸಂಸ್ಥೆ 2022ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಭಾರತದಲ್ಲಿ ವರ್ಷಕ್ಕೆ ಸುಮಾರು 78 ಲಕ್ಷ ಟನ್ ಜವಳಿ ತ್ಯಾಜ್ಯ ಸೇರುತ್ತೆ. ಅದರಲ್ಲಿ ಅರ್ಧದಷ್ಟು ಬರೋದು ನಮ್ಮ ನಿಮ್ಮ ಥರದವರು ಬಳಸಿ ಬಿಟ್ಟ ಬಟ್ಟೆಯಿಂದ. ಕಾರ್ಖಾನೆಯ ಚೂರು ಪಾರಿಗಿಂತ ಹೆಚ್ಚು.

ಹಾಗಾಗಿ ಒಂದು ಮಾತು ಸ್ಪಷ್ಟ ಮಾಡಿಕೊಳ್ಳೋಣ. ದಾನ ಮುಗಿಯೋದು ನೀವು ಬಿಟ್ಟಾಗ ಅಲ್ಲ, ಇನ್ನೊಬ್ಬರು ಹಾಕ್ಕೊಂಡಾಗ. ಅಲ್ಲಿವರೆಗೆ ಅದು ಜಾಗ ಬದಲಿಸಿದ ಕಸ ಆಗುವ ಸಾಧ್ಯತೆ ಇದ್ದೇ ಇದೆ.

'ಆ ಅಂಗಿ ನನ್ನದಲ್ವಾ?'

ಈಗ ಕಷ್ಟದ ಪ್ರಶ್ನೆಗೆ ಬರೋಣ. ಅಂದ್ರೆ ಮರ್ಯಾದೆಗೆ.

ಭಟ್ಕಳದಿಂದ ಶರಾವತಿ ಸೇತುವೆ ದಾಟಿ ಹೊನ್ನಾವರ ಸುಮಾರು 40 ಕಿಲೋಮೀಟರ್, ಅಲ್ಲಿಂದ ಕುಮಟಾ ಇನ್ನೊಂದು 20. ಮೂರೂ ಸಣ್ಣ ಪಟ್ಟಣಗಳು. ಪೇಟೆಗೆ ಹೋದರೆ ನಾಲ್ಕು ಜನ ಪರಿಚಯದವರು ಸಿಗ್ತಾರೆ. ಯಾರ ಮಗ, ಯಾವ ಕೇರಿ ಅಂತ ಮುಖ ನೋಡಿದರೆ ಗೊತ್ತಾಗುತ್ತೆ. ದೊಡ್ಡ ನಗರದಲ್ಲಿ ಗೋಡೆಯ ಮುಂದೆ ನಿಂತು ಅಂಗಿ ಆರಿಸುವವನನ್ನ ಯಾರೂ ಗುರುತಿಸಲ್ಲ. ಇಲ್ಲಿ ಗುರುತಿಸ್ತಾರೆ. ಹೈಸ್ಕೂಲ್ ಹುಡುಗಿ ಒಬ್ಬಳು ಚಂದದ ಚೂಡಿದಾರ ಹಾಕ್ಕೊಂಡು ಕ್ಲಾಸಿಗೆ ಹೋದಳು ಅಂದುಕೊಳ್ಳಿ. ಪಕ್ಕದ ಬೆಂಚಿನವಳು 'ಇದು ನಂದಲ್ವಾ, ಹೋದ ತಿಂಗಳು ಅಮ್ಮ ಗೋಡೆಗೆ ಹಾಕಿದ್ದು' ಅಂದುಬಿಟ್ಟರೆ? ಹೇಳಿದವಳಿಗೆ ಕೆಟ್ಟ ಮನಸ್ಸು ಇರಬೇಕಾಗಿಲ್ಲ. ಕೇಳಿಸಿಕೊಂಡವಳು ಮಾತ್ರ ಆ ಬಟ್ಟೆಯನ್ನ ಮತ್ತೆ ಮುಟ್ಟಲ್ಲ. ಅವಳ ತಂಗಿಯೂ ಆ ಗೋಡೆಯ ಹತ್ತಿರ ಹೋಗಲ್ಲ.

ಇದಕ್ಕೆ ನನ್ನ ಹತ್ತಿರ ಒಂದು ಸಲಹೆ ಇದೆ. ಮೂರು ಊರು ಇರೋದನ್ನೇ ಬಳಸಿಕೊಳ್ಳೋಣ. ಭಟ್ಕಳದಲ್ಲಿ ಸೇರಿದ ಬಟ್ಟೆ ಕುಮಟಾಕ್ಕೆ ಹೋಗಲಿ, ಕುಮಟಾದ್ದು ಹೊನ್ನಾವರಕ್ಕೆ, ಹೊನ್ನಾವರದ್ದು ಭಟ್ಕಳಕ್ಕೆ. ಮೂರೂ ಒಂದೇ ಹೆದ್ದಾರಿ 66ರ ಮೇಲಿವೆ, ಖಾಲಿ ಹೋಗುವ ಟೆಂಪೊಗಳು ದಿನಾ ಇರ್ತಾವೆ. ತಿಂಗಳಿಗೆ ಒಂದು ಟ್ರಿಪ್ ಸಾಕು. ಬಟ್ಟೆ ತನ್ನ ಹಳೆ ಯಜಮಾನರನ್ನ ಮತ್ತೆ ಭೇಟಿ ಆಗಲ್ಲ. ಹಾಕ್ಕೊಂಡವರ ಮಟ್ಟಿಗೆ ಅದು ಬರೀ ಬಟ್ಟೆ, ಯಾರದೋ ಹಳೆ ಬಟ್ಟೆ ಅಲ್ಲ.

ಮರ್ಯಾದೆಗೆ ಇನ್ನೊಂದು ದಾರಿಯನ್ನ ಗೂಂಜ್ ಸಂಸ್ಥೆ ತೋರಿಸಿದೆ. ಅಂಶು ಗುಪ್ತಾ 1999ರಲ್ಲಿ ದೆಹಲಿಯಲ್ಲಿ ಶುರು ಮಾಡಿದ ಸಂಸ್ಥೆ ಇದು; 2015ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅವರು ಬಟ್ಟೆಯನ್ನ ಸುಮ್ಮನೆ ಹಂಚಲ್ಲ. ಊರವರು ಸೇರಿ ತಮಗೆ ಬೇಕಾದ ಕೆಲಸ ಆರಿಸ್ತಾರೆ. ಬಾವಿ ತೋಡೋದು, ರಸ್ತೆ ಸರಿ ಮಾಡೋದು, ಕೆರೆ ಹೂಳೆತ್ತೋದು. ಕೆಲಸ ಮಾಡಿದವರಿಗೆ ಅಳತೆಗೆ ತಕ್ಕಂತೆ ಬಟ್ಟೆ, ಸಾಮಾನಿನ ಗಂಟು ಸಿಗುತ್ತೆ. ಅದು ಭಿಕ್ಷೆ ಅಲ್ಲ, ದುಡಿದ ಪ್ರತಿಫಲ. ಇದೇ ಸಂಸ್ಥೆ ಹಳೆ ಹತ್ತಿ ಬಟ್ಟೆಯನ್ನ ಶುದ್ಧ ಮಾಡಿ ಮುಟ್ಟಿನ ದಿನಗಳಿಗೆ ಪ್ಯಾಡ್ ತಯಾರಿಸುತ್ತೆ. ಯಾರೂ ಬಾಯಿಬಿಟ್ಟು ಕೇಳದ, ಯಾರೂ ಗೋಡೆಗೆ ನೇತುಹಾಕದ ಅಗತ್ಯ ಅದು.

ಬೆಲೆ ಇಡೋದು ಇನ್ನೊಂದು ಉಪಾಯ. ಬ್ರಿಟನ್ನಿನ ಆಕ್ಸ್‌ಫ್ಯಾಮ್ 1940ರ ದಶಕದ ಕೊನೆಯಿಂದ ದಾನದ ಸಾಮಾನುಗಳ ಅಂಗಡಿ ನಡೆಸ್ತಾ ಬಂದಿದೆ. ನಮ್ಮಲ್ಲಿ ಹತ್ತು ರೂಪಾಯಿಗೆ ಒಂದು ಅಂಗಿ ಅಂತ ಇಟ್ಟರೆ ಏನಾಗುತ್ತೆ? ಕೆಲವರಿಗೆ ಆ ಹತ್ತು ರೂಪಾಯಿಯೂ ಭಾರ, ನಿಜ. ಆದರೆ ದುಡ್ಡು ಕೊಟ್ಟವರು ಗ್ರಾಹಕರಾಗ್ತಾರೆ. ಮೂರು ಅಂಗಿ ಹಿಡಿದು ನೋಡಿ, ಒಂದನ್ನ ಬೇಡ ಅನ್ನುವ ಹಕ್ಕು ಅವರಿಗೆ ಬರುತ್ತೆ. ಬಂದ ದುಡ್ಡಲ್ಲಿ ಗುಂಡಿ, ದಾರ, ಸೋಪಿನ ಖರ್ಚು ಹೋಗುತ್ತೆ. ನಾನಾದರೆ ಎರಡನ್ನೂ ಇಡ್ತೀನಿ: ಬೆಲೆ ಇರುವ ಕಪಾಟು, ಪಕ್ಕದಲ್ಲೇ ಆಶಾ ಕಾರ್ಯಕರ್ತೆಯರು, ಶಾಲೆಯ ಶಿಕ್ಷಕರು ಹೇಳಿದವರ ಮನೆಗೆ ಸದ್ದಿಲ್ಲದೆ ತಲುಪುವ ಗಂಟು.

ಮತ್ತೆ ದಯವಿಟ್ಟು, ತಗೊಳ್ಳುವವರ ಫೋಟೊ ಬೇಡ. ಕೊಡುವವರ ಫೋಟೊ ಬೇಕಾದರೆ ಹತ್ತು ಹಾಕಿ.

ಯಾರೂ ಹಾಕದ ಬಟ್ಟೆಗೆ ಏನು ಮಾಡೋದು?

ಎಷ್ಟೇ ಆರಿಸಿದರೂ ಒಂದಿಷ್ಟು ಬಟ್ಟೆ ಹಾಕೋಕೆ ಬರದೇ ಉಳಿಯುತ್ತೆ. ಅದಕ್ಕೂ ನಮ್ಮ ಜಿಲ್ಲೆಯಲ್ಲೇ ಉತ್ತರ ಇದೆ. ಘಟ್ಟದ ಮೇಲೆ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆ ಸಿದ್ದಿ ಸಮುದಾಯದ ಹೆಂಗಸರು ಹಳೆ ಸೀರೆ, ಅಂಗಿಗಳ ತುಂಡು ಜೋಡಿಸಿ, ಕೈಹೊಲಿಗೆಯಲ್ಲೇ ಕವಂದಿ ಅನ್ನೋ ಹೊದಿಕೆ ಮಾಡ್ತಾರೆ. ಆಫ್ರಿಕಾ ಮೂಲದ ಈ ಸಮುದಾಯದ ಕವಂದಿ ಈಗ ದೇಶ ವಿದೇಶದ ಕಲಾ ಪ್ರದರ್ಶನಗಳಿಗೂ ಹೋಗಿದೆ. ಉತ್ತರ ಕರ್ನಾಟಕದ ಕಡೆ ಇಂಥದ್ದೇ ಹೊದಿಕೆಗೆ ಕೌದಿ ಅಂತಾರೆ. ಹರಿದ ಸೀರೆ ಎಸೆಯೋಕೆ ಅಂತ ಇರೋದಲ್ಲ ಅನ್ನೋದು ನಮ್ಮ ಅಜ್ಜಿಯಂದಿರಿಗೆ ಆರ್‌ಆರ್‌ಆರ್ ಅಂತ ಯಾರೂ ಹೇಳಿಕೊಡದೇ ಗೊತ್ತಿತ್ತು. ಸೀರೆ ತೊಟ್ಟಿಲಾಯ್ತು, ಆಮೇಲೆ ಹೊದಿಕೆಯಾಯ್ತು, ಕೊನೆಗೆ ಒರೆಸುವ ಬಟ್ಟೆಯಾಯ್ತು.

ಹೊದಿಕೆಗೂ ಬಾರದ ಹತ್ತಿ ಬಟ್ಟೆ ಬೋಟಿನ ಎಂಜಿನ್ ಒರೆಸೋಕೆ, ಗ್ಯಾರೇಜಿನಲ್ಲಿ ಗ್ರೀಸ್ ಒರೆಸೋಕೆ ಬೇಕೇ ಬೇಕು. ಅವರು ಅದನ್ನ ಕಿಲೋ ಲೆಕ್ಕದಲ್ಲಿ ದುಡ್ಡು ಕೊಟ್ಟು ತರ್ತಾರೆ. ಉಣ್ಣೆ, ಅಕ್ರಿಲಿಕ್ ಸ್ವೆಟರ್‌ಗಳಿಗೆ ಹರಿಯಾಣದ ಪಾಣಿಪತ್ ದೊಡ್ಡ ಮಾರುಕಟ್ಟೆ. ಹಳೆಯದನ್ನ ಚಿಂದಿ ಮಾಡಿ ಮತ್ತೆ ನೂಲು ತೆಗೆದು ಕಂಬಳಿ ನೇಯುವ ಊರು ಅದು. ಹೊಲಸಾದ, ಕೊಳೆತ ಬಟ್ಟೆ ಮಾತ್ರ ಒಣ ಕಸದ ಗಾಡಿಗೆ. ಈ ದಾರಿಗಳನ್ನ ಮೊದಲೇ ಗೊತ್ತು ಮಾಡಿಕೊಂಡು ಜಾಗ ತೆರೆದರೆ ಡೆಡ್ ಸ್ಟಾಕ್ ಅನ್ನೋದೇ ಇರಲ್ಲ.

ಆ ಒಂದು ರಾತ್ರಿಗೆ ತಯಾರಿ

ಇದೆಲ್ಲ ಯಾಕೆ ಇಷ್ಟು ಗಂಭೀರವಾಗಿ ಹೇಳ್ತಾ ಇದೀನಿ ಅಂದ್ರೆ, ನಮ್ಮ ಕರಾವಳಿಯಲ್ಲಿ ಮಳೆ ಈಗ ಮೊದಲಿನ ಹಾಗಿಲ್ಲ. 2022ರ ಆಗಸ್ಟ್ ಮೊದಲ ವಾರ ಭಟ್ಕಳದಲ್ಲಿ ಒಂದೇ ರಾತ್ರಿ ಸುರಿದ ಮಳೆ ನಿಮಗೆ ನೆನಪಿರಬಹುದು. ಕೆಲವು ಕಡೆ 24 ಗಂಟೆಯಲ್ಲಿ 500 ಮಿಲಿಮೀಟರ್ ದಾಟಿತು. ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ಒಂದೇ ಮನೆಯ ನಾಲ್ವರು ತೀರಿಕೊಂಡರು. ಪಟ್ಟಣದ ಎಷ್ಟೋ ಮನೆ, ಅಂಗಡಿಗೆ ನೀರು ನುಗ್ಗಿತು. 2024ರ ಜುಲೈ 16ರಂದು ಕುಮಟಾದ ಪಕ್ಕದ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಬಿದ್ದು 11 ಜನರ ಜೀವ ಹೋಯ್ತು. ಗಂಗಾವಳಿ ನದಿಯ ಆಚೆ ದಡದ ಉಳುವರೆ ಗ್ರಾಮದ ಮನೆಗಳೂ ಆ ಹೊಡೆತಕ್ಕೆ ಸಿಕ್ಕವು.

ನೀರು ಮನೆಗೆ ನುಗ್ಗಿದ ರಾತ್ರಿ ಕಪಾಟಿನ ಎಲ್ಲ ಬಟ್ಟೆಯೂ ಒದ್ದೆ. ಮೈಮೇಲಿರೋದೂ ಒದ್ದೆ. ಆ ರಾತ್ರಿ ಕಾಳಜಿ ಕೇಂದ್ರಕ್ಕೆ ಬಂದ ಅಜ್ಜಿಗೆ ಬೇಕಾಗಿರೋದು ಒಂದು ಒಣ ನೈಟಿ, ಮಗುವಿಗೆ ಒಣ ಚಡ್ಡಿ, ಒಂದು ಟವೆಲ್, ಒಂದು ಹೊದಿಕೆ. ಅದು ಮೂರು ದಿನ ಆದಮೇಲೆ ಬೆಂಗಳೂರಿಂದ ಲಾರಿಯಲ್ಲಿ ಬಂದರೆ ತಡ. ಆ ರಾತ್ರಿಯೇ, ಐದು ಕಿಲೋಮೀಟರ್ ಒಳಗೆ, ಅಳತೆ ಬರೆದ ಚೀಲದಲ್ಲಿ ಕಟ್ಟಿಟ್ಟಿರಬೇಕು. ಗೋದಾಮು ಬೇಕು ಅಂದಿದ್ದು ಇದಕ್ಕೇ.

ಹಾಗಾದರೆ ನಾವು ಏನು ಮಾಡಬಹುದು?

ಜಾಗ ನಡೆಸುವವರಿಗೆ: ಬೀದಿ ಗೋಡೆಗಿಂತ ಬಾಗಿಲಿರುವ ಒಂದು ಕೋಣೆ ನೋಡಿ. ವಾರಕ್ಕೆ ಎರಡು ಸಂಜೆ ತೆರೆದರೆ ಸಾಕು. ಬಾಗಿಲಲ್ಲಿ 'ಈ ತಿಂಗಳು ಬೇಕಾಗಿರುವುದು' ಅಂತ ಪಟ್ಟಿ ಬರೀರಿ. ಬಟ್ಟೆ ತಗೊಳ್ಳುವಾಗಲೇ ನೋಡಿ, ಬೇಡದ್ದನ್ನ ನಗುತ್ತಾ ವಾಪಸ್ ಕೊಡಿ. ಬಂದದ್ದು, ಹೋದದ್ದು, ಉಳಿದದ್ದು ಅಂತ ನೋಟ್‌ಬುಕ್ಕಲ್ಲಿ ಮೂರು ಗೀಟು ಹಾಕಿ ಬರೆದಿಡಿ. ಒಂದು ತಿಂಗಳು ಯಾರೂ ಮುಟ್ಟದ ಬಟ್ಟೆಯನ್ನ ಇನ್ನೊಂದು ಊರಿಗೆ ಕಳಿಸಿ, ಅಲ್ಲೂ ಹೋಗದಿದ್ದರೆ ಹೊದಿಕೆಗೆ ಕೊಡಿ.

ಕೊಡುವವರಿಗೆ, ಅಂದ್ರೆ ನಿಮಗೆ ಮತ್ತು ನನಗೆ: ಒಗೆದು, ಗುಂಡಿ ಹಾಕಿ, ಅಳತೆ ಬರೆದ ಚೀಟಿ ಅಂಟಿಸಿ ಕೊಡೋಣ. ಹತ್ತು ಬಟ್ಟೆ ಕೊಡುವ ಬದಲು ನಾಲ್ಕು ಕೊಟ್ಟು, ಉಳಿದ ಸಮಯದಲ್ಲಿ ಒಂದು ಗಂಟೆ ಅಲ್ಲಿ ಮಡಚೋಕೆ ಕೂರೋಣ. ಜಾಗ ಉಳಿಸೋದು ಆ ಒಂದು ಗಂಟೆ.

ಮತ್ತೆ ಕೊಡುವ ತಿಂಗಳನ್ನ ಬದಲಿಸೋಣ. ಇದು ಈ ಸಂಚಿಕೆಯಿಂದ ನೀವು ಒಂದೇ ಒಂದು ವಿಷಯ ಇಟ್ಟುಕೊಳ್ಳೋದಾದರೆ ಅದು. ನಮ್ಮ ಕರಾವಳಿ ಮನೆಗಳಲ್ಲಿ ಏಪ್ರಿಲ್, ಮೇ ಬಂತು ಅಂದ್ರೆ ಮಳೆಗಾಲದ ತಯಾರಿ ಶುರು. ಹಪ್ಪಳ ಒಣಗಿಸ್ತೀವಿ, ಮೀನು ಒಣಗಿಸ್ತೀವಿ, ಕಟ್ಟಿಗೆ ಒಟ್ಟಿ ಮೇಲೆ ಮಡಲು ಮುಚ್ಚುತ್ತೀವಿ. ಬಿಸಿಲು ಇರುವಾಗಲೇ ಬಿಸಿಲನ್ನ ಕೂಡಿಡುವ ಬುದ್ಧಿ ಅದು. ಅದೇ ಬಿಸಿಲಲ್ಲಿ ಎರಡು ಗಟ್ಟಿ ಪ್ಯಾಂಟು, ಒಂದು ಟವೆಲ್, ಒಂದು ಹೊದಿಕೆ, ಮಗುವಿಗೆ ಚಿಕ್ಕದಾದ ರೇನ್‌ಕೋಟನ್ನೂ ಒಣಗಿಸಿ, ಮೇ ಕೊನೆಯ ವಾರದೊಳಗೆ ಕೊಡೋಣ. ಚೌತಿಗೆ ಕೊಟ್ಟರೆ ನಮ್ಮ ಕಪಾಟು ಖಾಲಿಯಾಗುತ್ತೆ. ಮೇ ತಿಂಗಳಲ್ಲಿ ಕೊಟ್ಟರೆ ಜುಲೈಯಲ್ಲಿ ಯಾರೋ ಒಬ್ಬರು ಒಣ ಬಟ್ಟೆ ಹಾಕ್ಕೊಂಡು ಕೆಲಸಕ್ಕೆ ಹೋಗ್ತಾರೆ.

ನಿಮ್ಮ ಊರಲ್ಲಿ ಇಂಥ ಜಾಗ ಇದ್ದರೆ, ಅದರ ಬಾಗಿಲಲ್ಲಿ ಈಗ ಏನು ಬೇಕು ಅಂತ ಬರೆದಿದೆಯಾ ನೋಡಿ. ಬರೆದಿಲ್ಲದಿದ್ದರೆ ಒಳಗೆ ಹೋಗಿ ಕೇಳಿ, ನೀವೇ ಬರೀರಿ. ಮುಂದಿನ ವಾರ ಇನ್ನೊಂದು ವಿಷಯದ ಜತೆ ಸಿಗೋಣ.